ಲಿಂಗೈಕ್ಯವೆಂದರೆ ಮರಣವೇ?



ಕಳೆದ ತಿಂಗಳು ನಮ್ಮ ಪರಿಚಿತರ ಮನೆಯೊಂದರಲ್ಲಿ ಹಿರಿಯರೊಬ್ಬರು ತೀರಿಕೊಂಡ ನಿಮಿತ್ತ ಶಿವಗಣಾರಾಧನೆ ಏರ್ಪಟ್ಟಿತ್ತು. ನಾಲ್ಕು ಮಾತು ಹೇಳಬೇಕೆಂದು ಮನೆಯವರು ನಮ್ಮನ್ನೂ ಕರೆಸಿದ್ದರು. ಪ್ರಸಾದಕ್ಕೆ ಇನ್ನೂ ಸಮಯವಿದ್ದುದರಿಂದ ಪಡಸಾಲೆಯಲ್ಲಿ ಕುಳಿತಿದ್ದೆವು. ಮೃತರ ಮೊಮ್ಮಗ, ಹತ್ತು ಹನ್ನೊಂದು ವರ್ಷದ ಬಾಲಕ, ಆಮಂತ್ರಣದ ಕಾರ್ಡನ್ನು ಕೈಯಲ್ಲಿ ಹಿಡಿದು ಬಂದು ನಮ್ಮೆದುರು ನಿಂತ.

"ಅಜ್ಜಾರ, ಇದರಾಗ ನಮ್ಮಜ್ಜ ಲಿಂಗೈಕ್ಯ ಆಗ್ಯಾರ ಅಂತ ಬರದಾರ. ಹಂಗಂದ್ರ ದೇವರಾಗ್ಯಾರೇನ್ರಿ?"

ಮಗುವಿನ ಪ್ರಶ್ನೆಗೆ ಮಗುವಿನ ಉತ್ತರ ಸಾಕೆಂದು ಬಗೆದು, "ಹೌದಪಾ, ನಿಮ್ಮಜ್ಜ ಶಿವನೊಳಗ ಒಂದಾಗ್ಯಾರ" ಎಂದೆವು. ಬಾಲಕ ಕ್ಷಣಕಾಲ ಯೋಚಿಸಿದ. ಅನಂತರ ಕೇಳಿದ: "ಹಂಗಾರ ಇನ್ನ ಸಣ್ಣಜ್ಜನ ಕೂಡ ಮಾತಾಡ್ತಾರೇನ್ರಿ?"

ಹೊಲದ ಬದುವಿನ ವ್ಯಾಜ್ಯದಿಂದಾಗಿ ಆ ಮನೆಯ ಅಣ್ಣತಮ್ಮಂದಿರು ಹನ್ನೆರಡು ವರ್ಷಗಳಿಂದ ಪರಸ್ಪರ ಮಾತು ಬಿಟ್ಟಿದ್ದರೆಂಬುದು ನಮಗೂ ತಿಳಿದಿತ್ತು. ಅಣ್ಣ ಹಾಸಿಗೆ ಹಿಡಿದಾಗಲೂ ತಮ್ಮ ಬರಲಿಲ್ಲ. ಅಣ್ಣನೂ ಹೇಳಿ ಕಳುಹಿಸಲಿಲ್ಲ. ಅರವತ್ತು ದಾಟಿದ ನಾವು, ಬಾಲ್ಯದಿಂದಲೂ ಮಠದಲ್ಲಿ ಷಟ್‌ಸ್ಥಲಶಾಸ್ತ್ರ ಓದಿದ ನಾವು, ಆ ಬಾಲಕನೆದುರು ನಿರುತ್ತರರಾದೆವು. ಯಾರೋ ಕರೆದರೆಂದು ಆತ ಓಡಿಹೋದ. ಆದರೆ ಪ್ರಶ್ನೆ ನಮ್ಮ ಬಳಿಯೇ ಉಳಿಯಿತು. ಮನುಷ್ಯನು ದೇವರಾಗುತ್ತಾನೆ ಎಂಬ ಮಾತಿನ ಅರ್ಥವೇನು? ಅದು ಸತ್ತ ಮೇಲೆ ತಾನಾಗಿ ದೊರೆಯುವ ಪದವಿಯೋ, ಬದುಕಿರುವಾಗಲೇ ಆಗಬೇಕಾದ ಮಾರ್ಪಾಡೋ? ಈ ತಿಂಗಳ ಅಂಕಣವನ್ನು ಆ ಬಾಲಕನಿಗೆ ನಾವು ಕೊಡಬೇಕಾಗಿದ್ದ ಉತ್ತರಕ್ಕಾಗಿ ಮೀಸಲಿಟ್ಟಿದ್ದೇವೆ.

ಮೊದಲಿಗೆ ಪದದ ವಿಚಾರ. ಲಿಂಗೈಕ್ಯ, ಶಿವೈಕ್ಯ, ಬಯಲಾದರು ಎಂಬ ಮಾತುಗಳನ್ನು ನಾವಿಂದು ಮರಣಕ್ಕೆ ಪರ್ಯಾಯವಾಗಿ ಬಳಸುತ್ತೇವೆ. ಮೃತದೇಹವನ್ನು ಕುಳಿತ ಭಂಗಿಯಲ್ಲಿಟ್ಟು, ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿಯೊಡನೆ ಮಣ್ಣು ಕೊಡುವ ನಮ್ಮ ಸಂಪ್ರದಾಯದಲ್ಲಿ ಈ ಬಳಕೆಗೆ ಗೌರವದ ಭಾವನೆಯಿದೆ. ಅದನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ದುಃಖದಲ್ಲಿರುವವರಿಗೆ ಆ ಪದದಿಂದ ಸಮಾಧಾನವೂ ದೊರೆಯುತ್ತದೆ. ಆದರೆ ಶಾಸ್ತ್ರದಲ್ಲಿ ಐಕ್ಯವೆಂಬುದು ಮರಣದ ಹೆಸರಲ್ಲ. ಅದು ಆರು ಸ್ಥಲಗಳಲ್ಲಿ ಕೊನೆಯದು. ಉಸಿರಾಡುವ, ಉಣ್ಣುವ, ದುಡಿಯುವ ಮನುಷ್ಯನಿಗೆ ಈ ದೇಹದಲ್ಲಿರುವಾಗಲೇ ಸಾಧ್ಯವೆಂದು ಶರಣರು ಹೇಳಿದ ನಿಲುವು. ಮರಣವು ಎಲ್ಲರಿಗೂ ಬರುತ್ತದೆ; ಐಕ್ಯವು ಎಲ್ಲರಿಗೂ ಬರುವುದಿಲ್ಲ. ಈ ಎರಡನ್ನೂ ಒಂದೇ ಪದದಲ್ಲಿ ಅಡಗಿಸಿದುದರಿಂದ ಒಂದು ಅನರ್ಥವಾಗಿದೆ. ಬದುಕಿನಲ್ಲಿ ಮಾಡಬೇಕಾದ ಕೆಲಸವನ್ನು ಸಾವು ಮಾಡಿ ಮುಗಿಸುತ್ತದೆ ಎಂಬ ನಿಶ್ಚಿಂತೆ ನಮ್ಮ ಮನೆಗಳಲ್ಲಿ ಬೇರೂರಿದೆ.

ಇನ್ನು, ಮನುಷ್ಯ ದೇವರಾಗುವುದೆಂಬ ಕಲ್ಪನೆಯ ಮೂಲಕ್ಕೆ ಬರೋಣ. 15ನೆಯ ಶತಮಾನದಲ್ಲಿದ್ದ ಮಗ್ಗೆಯ ಮಾಯಿದೇವರು ಸಂಸ್ಕೃತದಲ್ಲಿ ಬರೆದ 'ಅನುಭವಸೂತ್ರ'ದಲ್ಲಿ ಇದರ ನಿರೂಪಣೆ ಅಚ್ಚುಕಟ್ಟಾಗಿದೆ. ಸಕಲವೂ ಹುಟ್ಟಿ, ನಿಂತು, ಮರಳಿ ಅಡಗುವ ನೆಲೆಯಾದ ಪರತತ್ತ್ವಕ್ಕೆ 'ಸ್ಥಲ'ವೆಂದು ಹೆಸರು. ಆ ಸ್ಥಲವೇ ತನ್ನ ಶಕ್ತಿಯ ಚಲನೆಯಿಂದ ಲಿಂಗ ಮತ್ತು ಅಂಗ ಎಂದು ಇಬ್ಬಗೆಯಾಗುತ್ತದೆ. ಪೂಜೆಗೊಳ್ಳುವ ಶಿವನು ಲಿಂಗ, ಪೂಜಿಸುವ ಜೀವನು ಅಂಗ. ಅದೇ ಶಕ್ತಿಯು ಲಿಂಗದಲ್ಲಿ ಕಲೆಯಾಗಿ, ಅಂಗದಲ್ಲಿ ಭಕ್ತಿಯಾಗಿ ನೆಲೆಗೊಳ್ಳುತ್ತದೆ. ಹೀಗಿರುವುದರಿಂದ ಜೀವನು ಶಿವನಾಗುವುದೆಂದರೆ ತನ್ನಲ್ಲಿಲ್ಲದ ಯಾವುದನ್ನೋ ಗಳಿಸುವುದಲ್ಲ, ಮತ್ತೊಬ್ಬರಿಗಿಂತ ಎತ್ತರಕ್ಕೆ ಏರುವುದೂ ಅಲ್ಲ. ಇಬ್ಬಗೆಯಾದುದು ಮರಳಿ ಒಂದಾಗುವುದು. ಅದಕ್ಕೆ ಲಿಂಗಾಂಗಸಾಮರಸ್ಯವೆಂದು ಹೆಸರು. ಈ ಬೇರೆತನವನ್ನು ಹಿಡಿದು ನಿಲ್ಲಿಸಿರುವುದು 'ನಾನು', 'ನನ್ನದು' ಎಂಬ ಭಾವ. ಆದುದರಿಂದ ಇಲ್ಲಿ ಕೂಡಿಸಬೇಕಾದ್ದು ಕಡಿಮೆ, ಕಳೆಯಬೇಕಾದ್ದು ಹೆಚ್ಚು.

ಈ ದಾರಿಗೆ ಆರು ಮೆಟ್ಟಿಲುಗಳು: ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಒಂದೊಂದು ಮೆಟ್ಟಿಲಿಗೂ ಒಂದೊಂದು ಬಗೆಯ ಭಕ್ತಿಯನ್ನು ಹೇಳಿದ್ದಾರೆ. ಭಕ್ತನದು ಶ್ರದ್ಧೆ, ಮಹೇಶ್ವರನದು ನಿಷ್ಠೆ, ಪ್ರಸಾದಿಯದು ಅವಧಾನ, ಪ್ರಾಣಲಿಂಗಿಯದು ಅನುಭಾವ, ಶರಣನದು ಆನಂದ, ಐಕ್ಯನದು ಸಮರಸ. ಶಾಲೆಯ ಮಗ್ಗಿಯಂತೆ ಇದನ್ನು ಬಾಯಿಪಾಠ ಮಾಡಿದವರು ಬಹಳ. ಆದರೆ ಇದರಲ್ಲಿ ಅಡಗಿರುವ ಒಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅನುಭಾವವು ಇಲ್ಲಿ ನಾಲ್ಕನೆಯದು. ಅದಕ್ಕಿಂತ ಮೊದಲು ಮೂರಿವೆ. ಅದರ ನಂತರ ಎರಡಿವೆ.

ಅನುಭವ ಮತ್ತು ಅನುಭಾವ ಬೇರೆ ಬೇರೆ ಎಂಬುದು ಕನ್ನಡದ ಓದುಗರಿಗೆ ಹೊಸತೇನಲ್ಲ. ಬಿಸಿಲು ತಾಗಿದ್ದು, ಹಸಿವಾದದ್ದು ಅನುಭವ. ಕಾಣುವವನು ಮತ್ತು ಕಾಣಿಸಿಕೊಂಡದ್ದು ಎಂಬ ಭೇದವೇ ಅಳಿದು ಒಳಗು ಬೆಳಗಿದ್ದು ಅನುಭಾವ. ಇಂದು ಅನುಭಾವವೆಂದೊಡನೆ ಜನರ ಕಲ್ಪನೆಯು ಬೆಳಕು, ನಾದ, ಮೈಮರೆವು, ಕಣ್ಣೀರು ಇವುಗಳತ್ತ ಓಡುತ್ತದೆ. ಅದು ದೊರೆತರೆ ದಾರಿ ಮುಗಿಯಿತೆಂದು ಭಾವಿಸುತ್ತಾರೆ. ಶಾಸ್ತ್ರವು ಹಾಗೆ ಹೇಳುವುದಿಲ್ಲ. ಶ್ರದ್ಧೆಯಿಲ್ಲದವನಿಗೆ, ನಿಷ್ಠೆ ಇಲ್ಲದವನಿಗೆ, ತಾನು ಗಳಿಸಿದ್ದು ಹೇಗೆ, ಉಂಡದ್ದು ಯಾರದು ಎಂಬ ಎಚ್ಚರವಿಲ್ಲದವನಿಗೆ ನಾಲ್ಕನೆಯ ಮೆಟ್ಟಿಲಿನಲ್ಲಿ ಕಾಲೂರಲು ನೆಲವೇ ಇಲ್ಲ. ಅವಧಾನವೆಂದರೆ ಆ ಎಚ್ಚರವೇ. ಮನೆಗೆ ಬರುವ ಪ್ರತಿ ಕಾಸನ್ನೂ ಪ್ರತಿ ಕಾಳನ್ನೂ ಪ್ರಸಾದವಾಗಬಲ್ಲುದೋ ಇಲ್ಲವೋ ಎಂದು ನೋಡಿ ಒಳಗೆ ಬಿಟ್ಟುಕೊಳ್ಳುವುದು. ಹಾಗೆಯೇ ಅನುಭಾವ ಒದಗಿದವನಿಗೂ ಮುಂದೆ ದಾರಿಯಿದೆ. ಕಂಡ ಬೆಳಕು ನಡೆನುಡಿಯಲ್ಲಿ ಹರಡಿ, ಮನೆಯವರೊಡನೆ, ನೆರೆಯವರೊಡನೆ, ಹಗೆಯವರೊಡನೆ ಸಮರಸವಾಗುವ ತನಕ ಆ ದಾರಿ ಮುಗಿಯದು.

ಇದನ್ನು ನಾವು ಗ್ರಂಥದಿಂದ ಮಾತ್ರ ಕಲಿತೆವೆಂದರೆ ಅಪ್ರಾಮಾಣಿಕವಾದೀತು. ಹೇಳಲು ಸಂಕೋಚವಾಗುವ ಪ್ರಸಂಗವೊಂದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ನಾವು ಮಠದಲ್ಲಿ ಓದುತ್ತಿದ್ದ ದಿನಗಳು, ಪ್ರಾಯ ಹತ್ತೊಂಬತ್ತು. ಶ್ರಾವಣಮಾಸದ ಒಂದು ನಸುಕಿನಲ್ಲಿ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು, ಎವೆಯಿಕ್ಕದೆ ನೋಡುತ್ತ ಕುಳಿತಿದ್ದೆವು. ಹೊರಗೆ ಜಿಟಿಜಿಟಿ ಮಳೆ. ಯಾವಾಗಲೋ ಮಳೆಯ ಸದ್ದು ನಿಂತಿತು. ಅಂಗೈಯಿದೆ ಎಂಬ ಅರಿವು ಹೋಯಿತು. ಲಿಂಗವು ಎದುರಿಗಿದೆ, ನೋಡುವವರು ಈಚೆಗಿದ್ದೇವೆ ಎಂಬುದೂ ಹೋಯಿತು. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ಪೂಜೆಯ ಗಂಟೆ ಕೇಳಿ ಮರಳಿದಾಗ ಮಳೆ ಸುರಿಯುತ್ತಲೇ ಇತ್ತು, ಕೆನ್ನೆ ತೋಯ್ದಿತ್ತು. ಅದಕ್ಕಿಂತ ಹೆಚ್ಚು ಹೇಳಲು ಮಾತಿಲ್ಲ, ಅಗತ್ಯವೂ ಇಲ್ಲ.

ನಾವು ಓಡುತ್ತ ಹೋಗಿ ಗುರುಗಳಿಗೆ ನಿವೇದಿಸಿದೆವು. ಅವರು ತಲೆಯ ಮೇಲೆ ಕೈಯಿಟ್ಟು ಹರಸುವರೆಂದೂ, ಸಹಪಾಠಿಗಳೆದುರು ನಮ್ಮ ಹೆಸರೆತ್ತುವರೆಂದೂ ಒಳಗೊಳಗೆ ಆಸೆಯಿತ್ತು. ಅವರು ಎಲ್ಲವನ್ನೂ ಕೇಳಿ, "ಛಲೋ ಆತು. ಇವತ್ತ ದಾಸೋಹದಾಗ ಮಜ್ಜಿಗಿ ಬಡಸಾಕ ಮಂದಿ ಇಲ್ಲ. ನೀ ಹೋಗು" ಎಂದರು. ಅಂದು ಸೋಮವಾರ, ಸುತ್ತಲ ಹಳ್ಳಿಗಳಿಂದ ಭಕ್ತರು ಬಹಳವಾಗಿ ಬಂದಿದ್ದರು. ಮಜ್ಜಿಗೆಯ ಕೊಳಗ ಹೊತ್ತು ಪಂಕ್ತಿಯಿಂದ ಪಂಕ್ತಿಗೆ ನಡೆದೆವು. ಮುದುಕನೊಬ್ಬ ಮೂರು ಸಲ ಹಾಕಿಸಿಕೊಂಡು ನಾಲ್ಕನೆಯ ಸಲ ಬಟ್ಟಲು ಚಾಚಿದ. "ಎಷ್ಟ ಸಲ ಹಾಕಬೇಕೋ ನಿನಗ?" ಎಂಬ ಮಾತು ನಮ್ಮ ಬಾಯಿಂದ ಬಂದೇಬಿಟ್ಟಿತು. ಮುದುಕ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡ. ಬಾಗಿಲಲ್ಲಿ ಗುರುಗಳು ನಿಂತಿದ್ದರು. ಅಲ್ಲಿ ಅವರು ಏನೂ ಹೇಳಲಿಲ್ಲ. ಸಂಜೆ ಕರೆಸಿ ಒಂದೇ ಮಾತು ನುಡಿದರು: "ಮುಂಜಾನೆ ಕಂಡದ್ದು ಮಧ್ಯಾಹ್ನದ ಮಟಾನೂ ಉಳೀಲಿಲ್ಲಲ್ಲಪಾ."

ಆ ನಸುಕಿನ ಅನುಭವವು ನಮಗೆ ಮತ್ತೆಂದೂ ಅದೇ ರೀತಿಯಲ್ಲಿ ಒದಗಲಿಲ್ಲ. ಹಲವು ವರ್ಷ ಅದಕ್ಕಾಗಿ ಹಂಬಲಿಸಿದ್ದುಂಟು. ಈಗ ಹಂಬಲವಿಲ್ಲ. ಆದರೆ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡ ಆ ಕೈ ಮಾತ್ರ ಇಂದಿಗೂ ಕಣ್ಣೆದುರಿಗಿದೆ. ಅಂದು ನಮಗೆ ಒದಗಿದ್ದು ಸುಳ್ಳೆಂದು ಗುರುಗಳು ಹೇಳಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅದು ಉಳಿಯಲಿಲ್ಲ ಎಂದರು, ಅಷ್ಟೇ. ಉಳಿಯದಿದ್ದುದಕ್ಕೆ ಕಾರಣವೂ ಸ್ಪಷ್ಟ. 'ನನಗೆ ಆಯಿತು' ಎಂದು ಓಡಿದ ಕ್ಷಣದಲ್ಲೇ, ಕರಗಿದ್ದ 'ನಾನು' ಮೊದಲಿಗಿಂತ ದಪ್ಪವಾಗಿ ಮರಳಿ ಬಂದಿತ್ತು.

ಇದೇ ತತ್ತ್ವವನ್ನು ಶರಣಪರಂಪರೆಯು ಕಥೆಯ ರೂಪದಲ್ಲಿ ಹೇಳಿದೆ. 15ನೆಯ ಶತಮಾನದಲ್ಲಿ ಸಂಕಲನಗೊಂಡು, ಮುಂದೆ ಹಲವರಿಂದ ಪರಿಷ್ಕೃತವಾದ 'ಶೂನ್ಯಸಂಪಾದನೆ'ಯಲ್ಲಿಯೂ ಚಾಮರಸ ಕವಿಯ 'ಪ್ರಭುಲಿಂಗಲೀಲೆ'ಯಲ್ಲಿಯೂ ಬರುವ ಅಲ್ಲಮ–ಗೋರಕ್ಷರ ಪ್ರಸಂಗವನ್ನು ಮನೆಯ ಮಕ್ಕಳಿಗೆ ಅವಶ್ಯ ಹೇಳಬೇಕು. ಗೋರಕ್ಷನು ಮಹಾಸಿದ್ಧ. ಹಠಯೋಗದಿಂದ ತನ್ನ ದೇಹವನ್ನು ವಜ್ರದಂತೆ ಗಟ್ಟಿ ಮಾಡಿಕೊಂಡಿದ್ದವನು. ಅಲ್ಲಮಪ್ರಭುದೇವರೊಡನೆ ವಾದ ಬೆಳೆದಾಗ, ಖಡ್ಗವನ್ನು ಕೊಟ್ಟು ತನ್ನನ್ನು ಹೊಡೆಯೆನ್ನುತ್ತಾನೆ. ಪ್ರಭುದೇವರು ಹೊಡೆದರೆ ಖಡ್ಗವು ಬಂಡೆಗೆ ತಾಗಿದಂತೆ ಖಣಿಲೆನ್ನುತ್ತದೆ. ದೇಹಕ್ಕೆ ಒಂದು ಗೀರೂ ಬೀಳದು. ಗೋರಕ್ಷನು ಹಿಗ್ಗುತ್ತಾನೆ. ಆಗ ಪ್ರಭುದೇವರು ತಮ್ಮನ್ನು ಹೊಡೆಯುವಂತೆ ಹೇಳುತ್ತಾರೆ. ಗೋರಕ್ಷ ಬೀಸಿದ ಖಡ್ಗವು ಗಾಳಿಯಲ್ಲಿ ಆಡಿದಂತೆ ಅತ್ತಿಂದಿತ್ತ ಹಾದುಹೋಗುತ್ತದೆ. ಸದ್ದಿಲ್ಲ, ತಡೆಯಿಲ್ಲ; ತಾಗಲು ಅಲ್ಲಿ ಏನೂ ಇಲ್ಲ. ಗೋರಕ್ಷನ ಗರ್ವ ಅಲ್ಲಿ ಇಳಿಯುತ್ತದೆ.

ಇದನ್ನು ಪವಾಡವೆಂದು ನಂಬಬೇಕೋ ಬೇಡವೋ ಎಂಬುದು ಮುಖ್ಯವಲ್ಲ. ಮನುಷ್ಯನು ದೇವರಾಗುವ ಎರಡು ಬಗೆಯ ಕಲ್ಪನೆಗಳು ಇಲ್ಲಿ ಎದುರುಬದುರಾಗಿ ನಿಂತಿವೆ. ಒಂದು, ತಾನು ಅಳಿಯದಂತೆ ಗಟ್ಟಿಯಾಗುವುದು. ಇನ್ನೊಂದು, ಪೆಟ್ಟು ತಾಗಲು 'ತಾನು' ಎಂಬುದೇ ಇರದಂತೆ ಬಯಲಾಗುವುದು. ಮೊದಲನೆಯದು ಸಿದ್ಧಿ, ಎರಡನೆಯದು ಐಕ್ಯ. ನಮ್ಮ ಮನೆಗಳಲ್ಲಿ ಇದನ್ನು ಪರೀಕ್ಷಿಸಲು ಖಡ್ಗ ಬೇಕಿಲ್ಲ. ಒಂದು ಬಿರುನುಡಿ ಸಾಕು. ನೆಂಟರು ಆಡಿದ ಮಾತು ತಾಗಿ ಖಣಿಲೆಂದರೆ ಅಲ್ಲಿ ಇನ್ನೂ ಗೋರಕ್ಷನಿದ್ದಾನೆ ಎಂದು ತಿಳಿಯಬೇಕು.

ಸತ್ಕಾರ್ಯದೊಳಗೂ 'ನಾನು' ಅಡಗಿ ಕುಳಿತಿರಬಹುದೆಂಬುದಕ್ಕೆ ಸೊನ್ನಲಿಗೆಯ ಸಿದ್ಧರಾಮರ ಕಥೆಯಿದೆ. ಇಂದಿನ ಸೊಲ್ಲಾಪುರವೇ ಆ ಸೊನ್ನಲಿಗೆ. ಕೆರೆ ತೋಡಿಸಿ, ಗುಡಿ ಕಟ್ಟಿಸಿ ಲೋಕೋಪಕಾರದಲ್ಲಿ ತೊಡಗಿದ್ದ ಯೋಗಿಯವರು. ಅಲ್ಲಿಗೆ ಬಂದ ಅಲ್ಲಮಪ್ರಭುದೇವರು ಅವರನ್ನು ಮಣ್ಣು ಹೊರುವ ಒಡ್ಡನೆಂದು ಕರೆದು ಕೆಣಕುತ್ತಾರೆ. ಕೆಲಸದ ಜನ ಕಲ್ಲು ತೂರುತ್ತಾರೆ. ಸಿದ್ಧರಾಮರೂ ಕೋಪದಿಂದ ಧಾವಿಸುತ್ತಾರೆ. ಆ ಕೋಪದಲ್ಲೇ ಅವರ ಕೊರತೆ ಅವರಿಗೆ ಕಾಣುತ್ತದೆ. ಅವರು ಕೆರೆ ಕಟ್ಟಿದ್ದು ತಪ್ಪಾಗಿರಲಿಲ್ಲ, 'ನಾನು ಕಟ್ಟಿದೆ' ಎಂಬುದು ತೊಡಕಾಗಿತ್ತು. ಅದನ್ನು ಒಪ್ಪಿಕೊಂಡು ಕಲ್ಯಾಣಕ್ಕೆ ಹೋಗಿ, ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರೆಂಬಲ್ಲಿ ಸಿದ್ಧರಾಮರ ನಿಜವಾದ ಹಿರಿಮೆಯಿದೆ.

ಗೃಹಸ್ಥರಾದ ನಮ್ಮ ಓದುಗರಿಗೆ ಇವೆರಡಕ್ಕಿಂತ ಹತ್ತಿರವಾದುದು ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಪ್ರಸಂಗ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದ ಜಂಗಮರಿಗೆ ದಾಸೋಹ ನಡೆಸುವುದು ಇಬ್ಬರ ವ್ರತ. ಒಂದು ದಿನ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತ ಮಾರಯ್ಯನಿಗೆ ಕಾಯಕದ ಹೊತ್ತು ಮೀರಿದ್ದು ತಿಳಿಯಲಿಲ್ಲ. ಮನೆಯಲ್ಲಿದ್ದ ಲಕ್ಕಮ್ಮನು ಅದನ್ನು ನೆನಪಿಸಿ ಎಬ್ಬಿಸಿದಳು. ಅವಸರದಲ್ಲಿ ಹೋದ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಕಾಯಕವನ್ನೇ ಕೈಲಾಸವೆಂದ ಶರಣನಿಗೆ ಕಾಯಕವನ್ನು ನೆನಪಿಸಿದವಳು ಮನೆಯ ಗೃಹಿಣಿ. ಅನುಭಾವದ ಮಾತು ಕೇಳುತ್ತ ಕುಳಿತವನು ಹಿಂದುಳಿದ. ಒಲೆಯ ಮುಂದೆ ಕುಳಿತು ನಾಳಿನ ಹಂಗಿಲ್ಲದೆ ಇಂದಿನದನ್ನು ಅಳೆದವಳು ಮುಂದೆ ಹೋದಳು. ಐಕ್ಯವು ಸಂನ್ಯಾಸಿಗಳಿಗೆ ಮಾತ್ರ ಮೀಸಲೆಂದು ಭಾವಿಸುವ ತಾಯಂದಿರು ಈ ಪ್ರಸಂಗವನ್ನು ಮತ್ತೊಮ್ಮೆ ಮನನ ಮಾಡಬೇಕು.

ಅನ್ಯ ದೇಶಗಳ ಅನುಭಾವಿಗಳೂ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಅವರಿಂದಲೂ ಕಲಿಯುವುದು ನಮಗೆ ಭೂಷಣವೇ. ಬಾಗ್ದಾದಿನ ಸೂಫಿ ಮನ್ಸೂರ್ ಹಲ್ಲಾಜನು ತಾನೇ ಪರಮಸತ್ಯವೆಂದು ನುಡಿದನೆಂದು ಪರಂಪರೆ ಹೇಳುತ್ತದೆ. 922ರಲ್ಲಿ ಆತನನ್ನು ಕೊಲ್ಲಿಸಲಾಯಿತು. ಆ ನುಡಿಯಲ್ಲಿದ್ದದ್ದು ಹಲ್ಲಾಜನೆಂಬ ವ್ಯಕ್ತಿಯ ಗರ್ವವಲ್ಲ, ವ್ಯಕ್ತಿ ಅಳಿದ ಮೇಲೆ ಉಳಿದ ದೈವದ ದನಿ ಎಂದು ಮುಂದಿನ ಸೂಫಿಗಳು ಹಲವರು ಅರ್ಥೈಸಿದರು. ಸ್ಪೇನ್ ದೇಶದ ಸಂತ ತೆರೇಸಾ 1577ರಲ್ಲಿ ಬರೆದ ಗ್ರಂಥದಲ್ಲಿ ಆತ್ಮವನ್ನು ಏಳು ಅಂತಸ್ಥಾನಗಳುಳ್ಳ ಕೋಟೆಯಾಗಿ ವರ್ಣಿಸಿದ್ದಾಳೆ. ನಮ್ಮ ಆರು ಸ್ಥಲಗಳನ್ನು ಬಲ್ಲವರಿಗೆ ಆ ಗ್ರಂಥ ಅಪರಿಚಿತವೆನಿಸದು. ಅತ್ಯಂತ ಒಳಗಿನ ಏಳನೆಯ ನೆಲೆಯನ್ನು ತಲುಪಿದ ಮೇಲೆ ಆಕೆ ಹೇಳುವುದು ದರ್ಶನಗಳ ವೈಭವವನ್ನಲ್ಲ. ಈ ಮಿಲನದ ಫಲ ಸತ್ಕರ್ಮವೇ ಎಂಬುದನ್ನು. ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸ್ 1902ರಲ್ಲಿ ಪ್ರಕಟಿಸಿದ ಧಾರ್ಮಿಕ ಅನುಭವಗಳ ಅಧ್ಯಯನದಲ್ಲಿ ಇಂಥ ಅನುಭವಕ್ಕೆ ನಾಲ್ಕು ಲಕ್ಷಣಗಳನ್ನು ಗುರುತಿಸಿದನು: ಅದು ಮಾತಿಗೆ ನಿಲುಕದು, ಯಾವುದೋ ಅರಿವು ದೊರೆಯಿತೆಂಬ ದೃಢತೆಯನ್ನು ಕೊಡುವುದು, ಬಹುಕಾಲ ನಿಲ್ಲದು, ನಮ್ಮ ಇಚ್ಛೆಯಿಂದಲ್ಲದೆ ತಾನಾಗಿ ಆವರಿಸುವುದು. ಅದರ ಬೆಲೆಯನ್ನು ಬೇರಿನಿಂದಲ್ಲ, ಫಲದಿಂದ ಅಳೆಯಬೇಕೆಂಬುದೂ ಅವನ ನಿಲುವು. ಮೂವರದು ಬೇರೆ ಬೇರೆ ಮತ, ಬೇರೆ ಬೇರೆ ಕಾಲ. ಆದರೂ ಅವರ ಮಾತಿನಲ್ಲಿ ನಮ್ಮ ಗುರುಗಳ ಮಾತಿನ ಸಾಮ್ಯ ಕಂಡು ನಾವು ಬೆರಗಾಗಿದ್ದೇವೆ.

ನಮ್ಮ ಕಾಲದಲ್ಲೇ ಇದಕ್ಕೆ ನಿದರ್ಶನಗಳಿಲ್ಲದೆ ಇಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಮಹಾಸ್ವಾಮಿಗಳನ್ನು ಜನರು 'ನಡೆದಾಡುವ ದೇವರು' ಎಂದರು. ಹಾಗೆಂದದ್ದು ಅವರು ಕಂಡ ದರ್ಶನಗಳನ್ನು ಕೇಳಿ ಅಲ್ಲ. 1941ರಿಂದ ಮಠದ ಹೊಣೆ ಹೊತ್ತು, ಜಾತಿಮತವೆಣಿಸದೆ ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯವಿತ್ತ ತ್ರಿವಿಧ ದಾಸೋಹವನ್ನು ಕಣ್ಣಾರೆ ಕಂಡು. 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಅವರು ದೇಹ ಬಿಟ್ಟಾಗ ನಾಡು ಲಿಂಗೈಕ್ಯವೆಂದಿತು. ಆದರೆ ಐಕ್ಯ ಆ ದಿನ ಆದದ್ದಲ್ಲ. ದಾಸೋಹದ ಪ್ರತಿ ಪಂಕ್ತಿಯಲ್ಲೂ ಆಗುತ್ತ ಬಂದಿತ್ತು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2014ರಲ್ಲೇ ತಮ್ಮ ಅಂತಿಮ ಇಚ್ಛೆಯನ್ನು ಬರೆದಿಟ್ಟಿದ್ದರು: ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು. 2023ರ ಜನವರಿಯಲ್ಲಿ ಅವರು ದೇಹ ಬಿಟ್ಟಾಗ ಹಾಗೆಯೇ ನಡೆಯಿತು. ಐಕ್ಯಕ್ಕೆ ನಮ್ಮ ಹಿರಿಯರು ಕೊಡುತ್ತಿದ್ದ ಹೋಲಿಕೆ ಕರ್ಪೂರದ್ದು. ಕಟ್ಟಿಗೆ ಉರಿದರೆ ಇದ್ದಿಲು, ಬೂದಿ ಉಳಿಯುತ್ತವೆ. ಕರ್ಪೂರ ಉರಿಯನ್ನು ಕೂಡಿದರೆ ಕರ್ಪೂರವೆಂದು ತೋರಿಸಲು ಏನೂ ಉಳಿಯದು. ಆ ಪತ್ರವನ್ನು ಓದಿದಾಗ ನಮಗೆ ಈ ಹೋಲಿಕೆ ನೆನಪಾಯಿತು.

ಇದಕ್ಕೆ ವಿರುದ್ಧವಾಗಿ, ತಾನು ದೇವರೆಂದು ತಾನೇ ಹೇಳಿಕೊಳ್ಳುವವರ ಸಂಖ್ಯೆಯೂ ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರ ಮಾತಿಗೆ ಮರುಳಾಗಿ ಮನೆಮಠ ಮಾರಿಕೊಂಡವರನ್ನು, ಹೆಂಡಿರು ಮಕ್ಕಳನ್ನು ಬಿಟ್ಟು ಹೋದವರನ್ನು ನಾವು ಕಂಡಿದ್ದೇವೆ. ಯಾವ ವ್ಯಕ್ತಿಯನ್ನೂ ಹೆಸರಿಸುವ ಅಗತ್ಯವಿಲ್ಲ. ಓದುಗರು ಒಂದು ಅಳತೆಗೋಲನ್ನು ಮಾತ್ರ ಕೈಯಲ್ಲಿಟ್ಟುಕೊಳ್ಳಲಿ. ಶೂನ್ಯಸಂಪಾದನೆಯಲ್ಲಿ, ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿದ್ದ ಮುಕ್ತಾಯಕ್ಕನು ತನಗೆ ಉಪದೇಶಿಸಬಂದ ಅಲ್ಲಮಪ್ರಭುದೇವರನ್ನೇ, ನಿಜವನ್ನು ಅರಿತವರಿಗೆ ಇಷ್ಟೊಂದು ಮಾತೇಕೆ ಎಂಬ ಭಾವದಲ್ಲಿ ಪ್ರಶ್ನಿಸುತ್ತಾಳೆ. ಪ್ರಭುದೇವರು ಕೋಪಿಸಿಕೊಳ್ಳುವುದಿಲ್ಲ, ಆಕೆಯ ಪ್ರಶ್ನೆಗಳಿಗೆ ಎದೆಯೊಡ್ಡಿ ಉತ್ತರಿಸುತ್ತಾರೆ. ಪ್ರಶ್ನೆಯನ್ನು ತಾಳಿಕೊಳ್ಳಲಾರದ ದೈವತ್ವವು ದೈವತ್ವವಲ್ಲ. ಯಾರ ಬಳಿ ಹೋದರೆ ನಮ್ಮ ಮನೆ ಒಡೆಯುತ್ತದೆಯೋ, ಪ್ರಶ್ನೆ ಕೇಳಲು ಭಯವಾಗುತ್ತದೆಯೋ, ಅವರಿಂದ ದೂರವಿರುವುದು ಲೇಸು. ಹಾಗೆಯೇ ಮನೆಯಲ್ಲಿ ಯಾರಿಗಾದರೂ ಪೂಜೆಯಲ್ಲಿ ಬೆಳಕು ಕಂಡಿತೆಂದರೆ ಹಾಸ್ಯ ಮಾಡಬೇಡಿ, ಊರಿಗೆಲ್ಲ ಸಾರಲೂಬೇಡಿ. ಅದನ್ನು ಬೀಜದಂತೆ ನೆಲದಲ್ಲಿ ಮುಚ್ಚಿಡಲಿ. ಮೊಳೆತರೆ ನಡೆಯಲ್ಲಿ ತಾನಾಗಿ ಕಾಣುತ್ತದೆ.

ಈಗ ಆ ಬಾಲಕನ ಪ್ರಶ್ನೆಗೆ ಮರಳೋಣ. ಅಂದು ನಾವು ಅವನಿಗೆ ಹೇಳಬೇಕಾಗಿದ್ದುದು ಇದು: ಮಗು, ನಿಮ್ಮಜ್ಜ ಈಗ ಎಲ್ಲಿದ್ದಾರೆಂದು ಹೇಳುವ ಅಧಿಕಾರ ನಮಗಿಲ್ಲ, ಶಿವನ ಕರುಣೆ ನಮ್ಮ ಲೆಕ್ಕಕ್ಕಿಂತ ದೊಡ್ಡದು. ಆದರೆ ಸಣ್ಣಜ್ಜನೊಡನೆ ಮಾತಾಡುವುದು ಸತ್ತ ಮೇಲೆ ಮಾಡುವ ಕೆಲಸವಲ್ಲ. ಅದು ಬದುಕಿರುವಾಗಲೇ ಆಗಬೇಕಾದ ಐಕ್ಯ. ಅಜ್ಜನಿಂದ ಆಗದೆ ಉಳಿದದ್ದು ಮನೆಯಲ್ಲಿರುವವರ ಪಾಲಿಗೆ ಬಂದಿದೆ.

ಇಷ್ಟನ್ನು ನಾವು ಹೇಳಲಿಲ್ಲ. ಹೇಳುವ ಮೊದಲೇ ಅದನ್ನು ಮಾಡಿ ತೋರಿಸಿದವರು ಬೇರೆಯವರು. ಅಂದು ಮಧ್ಯಾಹ್ನ ಪ್ರಸಾದಕ್ಕೆ ಪಂಕ್ತಿ ಕೂತಾಗ, ಕೊನೆಯ ಸಾಲಿನ ಮೂಲೆಯಲ್ಲಿ ಆ ತಮ್ಮನೂ ಬಂದು ಕುಳಿತಿದ್ದರು. ಬಂಧುಗಳು ಕರೆತಂದಿದ್ದರೋ, ತಾವಾಗಿ ಬಂದಿದ್ದರೋ ತಿಳಿಯದು. ಯಾರೂ ಅವರನ್ನು ಮಾತಾಡಿಸಿರಲಿಲ್ಲ. ಅವರೂ ತಲೆ ಎತ್ತಿರಲಿಲ್ಲ. ಒಳಗಿನಿಂದ ಮೃತರ ಧರ್ಮಪತ್ನಿ ಹೋಳಿಗೆಯ ಪರಾತ ಹಿಡಿದು ಹೊರಬಂದರು. ಸೂತಕವನ್ನು ಒಪ್ಪದ ಧರ್ಮ ನಮ್ಮದು. ಆಕೆ ಬಡಿಸಲು ಅಡ್ಡಿಯಿರಲಿಲ್ಲ. ಮುಂದಿನ ಸಾಲುಗಳನ್ನೆಲ್ಲ ದಾಟಿ ನೇರವಾಗಿ ಆ ಮೂಲೆಗೆ ಹೋಗಿ, ಮೈದುನನ ಎಲೆಗೆ ಹೋಳಿಗೆ ಹಾಕಿ, "ಉಣ್ಣಪಾ, ಭಾಳ ಹೊತ್ತಾಗೇತಿ" ಎಂದರು. ಆತ ಕೈ ಮುಗಿದು ಎಲೆಯನ್ನೇ ನೋಡುತ್ತ ಕುಳಿತರು. ಬಾಲಕ ಅಜ್ಜಿಯ ಹಿಂದೆಯೇ ತುಪ್ಪದ ಗಿಂಡಿ ಹಿಡಿದು ನಿಂತಿದ್ದ. ಅವನು ನಮ್ಮ ಕಡೆ ನೋಡಲಿಲ್ಲ. ಸಣ್ಣಜ್ಜನ ಎಲೆಗೆ ತುಪ್ಪ ಬಡಿಸಿ, ಮುಂದಿನ ಎಲೆಗೆ ನಡೆದ.